ತೊಲೆಗೆ ತೂಗಿದ ಕೆಂಪು ಗಂಟು

“ಈ ಮನೇಲಿ ಏನು ಬೇಕಾದ್ರೂ ಮುಟ್ಟು. ಅದೊಂದನ್ನ ಮುಟ್ಬೇಡಪ್ಪ.”

ಹೀಗೆ ಹೇಳಿದ ಗೆಂಗ್ ದೊಡ್ಡಯ್ಯ ಕಣ್ಣು ಮೇಲೆತ್ತಲಿಲ್ಲ, ಬೆರಳನ್ನಷ್ಟೇ ಎತ್ತಿದ. ಉಗುರು ಹಳೆಯ ದಂತದ ಹಾಗೆ ಹಳದಿಗಟ್ಟಿ ಸುರುಳಿ ಸುತ್ತಿಕೊಂಡಿತ್ತು. ಆ ಉಗುರು ತೋರಿಸಿದ ಕಡೆ, ಅಂದೇ ಸೇವೆಗೆ ಬಂದಿದ್ದ ಶುನ್ ನೋಡಿದ. ಹೊಗೆ ಕುಡಿದು ಕಪ್ಪಾದ ತೊಲೆ. ತೊಲೆಯಿಂದ ಹಗ್ಗದಲ್ಲಿ ಇಳಿಬಿಟ್ಟ ಮರದ ಸೇರು. ಸೇರಿನೊಳಗೆ ಕೆಂಪು ಬಟ್ಟೆಯ ಗಂಟು. ಕೋಣೆಯಲ್ಲಿ ಗಾಳಿ ಇರಲಿಲ್ಲ. ಆದರೂ ಅದು ಒಂದಿಷ್ಟು ತೂಗುತ್ತಿತ್ತು.

ಶುನ್ ನಕ್ಕುಬಿಟ್ಟ.

“ದೊಡ್ಡಯ್ಯನೋರೇ, ಅದೇನು ಅಂತ ನನಗೆ ಗೊತ್ತಿಲ್ವಾ? ಒಣಗಿ ಕಡ್ಡಿಯಾಗಿರೋ ಮಾಂಸದ ಚೂರು. ಇಲೀನೂ ಮೂಸಲ್ಲ. ಅದಕ್ಕೆ ನಾನು ಹೆದರ್ಬೇಕಾ?”

“ನಗ್ತೀಯಾ? ನಗು ನಗು. ಈ ಮನೇಲಿ ನಗು ಕೇಳಿ ಬಹಳ ಕಾಲ ಆಯ್ತು.”

ಗದರಿಸಬೇಕಾಗಿದ್ದ ಮುದುಕ ಪ್ರೀತಿಯಿಂದ ನೋಡಿದ. ಅದು ಶುನ್‌ಗೆ ಆಗ ವಿಚಿತ್ರ ಅನ್ನಿಸಲಿಲ್ಲ. ಆ ಮಾತಿಗೆ ಮೊದಲು ಮುದುಕ ಒಂದು ಪ್ರಶ್ನೆ ಕೇಳಿದ್ದ. “ನಿನ್ನನ್ನ ಮನೇಲಿಟ್ಟ ಹೆಸರು ಹಿಡಿದು ಕರೆಯೋರು ಯಾರಾದ್ರೂ ಇದಾರೇನಪ್ಪ?” ಎಂದಿದ್ದ. ಅಕ್ಕ ಇದ್ದಾಳೆ ಎಂದು ಶುನ್ ಹೇಳಿದಾಗ ಮುದುಕ ಬಹಳ ಹೊತ್ತು ಸುಮ್ಮನೆ ಕೂತಿದ್ದ, ಒಲೆಯ ಮೇಲಿನ ನೀರು ಕುದಿದು ಬತ್ತುವಷ್ಟು ಹೊತ್ತು. ಆಮೇಲೆ ಬೆರಳೆತ್ತಿದ್ದ. ಅದೂ ಶುನ್‌ಗೆ ವಿಚಿತ್ರ ಅನ್ನಿಸಲಿಲ್ಲ.

ಗಂಡಸುತನ ಕಳೆದುಕೊಂಡು ಅಂತಃಪುರದಲ್ಲಿ ಸೇವೆ ಮಾಡುವ ಕಂಚುಕಿಗಳ ಬದುಕೇ ಬೇರೆ ರೀತಿಯದು. ಹೊಟ್ಟೆಗಿಲ್ಲದ ತಂದೆತಾಯಿ ಮಗನನ್ನು ಕತ್ತಿಯವನ ಕೈಗೆ ಒಪ್ಪಿಸುತ್ತಾರೆ. ಕತ್ತಿ ಕತ್ತರಿಸಿದ್ದನ್ನು ಯಾರೂ ಎಸೆಯುವುದಿಲ್ಲ. ಸುಣ್ಣದಲ್ಲಿ ಹೂತು, ಎಳ್ಳೆಣ್ಣೆ ಸವರಿ, ಭರಣಿಯಲ್ಲಿಟ್ಟು, ಕೆಂಪು ಬಟ್ಟೆ ಸುತ್ತಿ ತೊಲೆಗೆ ತೂಗುಹಾಕುತ್ತಾರೆ. ಗಂಟು ಎತ್ತರದಲ್ಲಿದ್ದಷ್ಟೂ ಅದರ ಒಡೆಯ ಎತ್ತರಕ್ಕೆ ಏರುತ್ತಾನಂತೆ. ಅದಕ್ಕೆ ಅವರು ಇಟ್ಟಿರುವ ಹೆಸರು ನಿಧಿ. ಅರಮನೆಯಲ್ಲಿ ಒಂದು ಮೆಟ್ಟಿಲು ಏರಬೇಕಾದರೂ ಮೇಲಿನವರ ಮುಂದೆ ನಿಧಿ ಬಿಚ್ಚಿ ತೋರಿಸಬೇಕು. ಸತ್ತಾಗ ಶವಪೆಟ್ಟಿಗೆಯಲ್ಲಿ ಅದನ್ನು ಜೊತೆಗಿಡಬೇಕು. ಇಡದಿದ್ದರೆ ಆ ಲೋಕದ ಬಾಗಿಲಲ್ಲಿ ಅರೆಮನುಷ್ಯನನ್ನು ಒಳಗೆ ಬಿಡುವುದಿಲ್ಲ. ಅವನು ಹೇಸರಗತ್ತೆಯಾಗಿ ಹಿಂದಿರುಗಿ, ಹಿಂದಿನವರೂ ಇಲ್ಲದೆ ಮುಂದಿನವರೂ ಇಲ್ಲದೆ, ಯಾರದೋ ಗಾಣ ತಿರುಗಿಸುತ್ತಾ ಇರಬೇಕು.

ಶುನ್‌ನ ನಿಧಿ ಹೋಗಿ ಬಹಳ ವರ್ಷಗಳಾಗಿದ್ದವು. ನದಿ ಉಕ್ಕಿದ ವರ್ಷ ಅವನ ಊರಿನ ಮನೆಯೂ, ಅಪ್ಪ ಅವ್ವನೂ, ತೊಲೆಯ ಭರಣಿಯೂ ಒಟ್ಟಿಗೇ ಕೊಚ್ಚಿಹೋದವು. ಉಳಿದವಳು ಅಕ್ಕ ಯಾನ್‌ಜಿ ಒಬ್ಬಳೇ. ಗಂಡ ಸತ್ತ ಮೇಲೆ ಅವಳು ಸೇತುವೆಯಾಚೆಯ ಊರಲ್ಲಿ ಕಾಲಿಗೆ ಹಾಕುವ ಬಟ್ಟೆಯ ಜೋಡು ಹೊಲಿದು ಬದುಕುತ್ತಿದ್ದಳು. ಅರಮನೆಯಲ್ಲಿ ಅವನು ಬಿಯಾನ್ ಶುನ್. ಅಕ್ಕನಿಗೆ ಮಾತ್ರ ಶಿತೌ. ಶಿತೌ ಎಂದರೆ ಕಲ್ಲು. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ, ಕಲ್ಲೆಂದು ತಿಳಿದು ಸಾವು ದಾಟಿಹೋಗಲಿ ಎಂದು ಅವ್ವ ಇಟ್ಟ ಹೆಸರು.

ತಿಂಗಳಿಗೊಮ್ಮೆ ಯಾನ್‌ಜಿ ರಾಜಧಾನಿಯ ಸಂತೆಗೆ ಬರುತ್ತಿದ್ದಳು. ಬಂದವಳು ದೊಡ್ಡಯ್ಯನ ಹೆಬ್ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವ ಹಾಗೆ ಕೂಗುವಳು.

“ಲೋ ಶಿತೌ! ಎಲ್ಲೋ ಸತ್ತೆ? ಜೋಡು ತಂದಿದೀನಿ, ಬಾರೋ!”

“ಅಕ್ಕಾ, ಮೆಲ್ಲಗೆ. ಇದು ದೊಡ್ಡೋರ ಮನೆ.”

“ಯಾವ ದೊಡ್ಡೋರು? ಬಾಗಿಲ ಮುಂದೆ ಒಂದು ನಾಯೀನೂ ಇಲ್ಲ. ನಿನ್ನ ಕಾಲು ಇನ್ನೂ ಹೆಣ್ಣುಮಗಳ ಕಾಲಿನ ಹಾಗೇ ಇದೆಯಲ್ಲೋ. ಹಾಕ್ಕೊಂಡು ತೋರ್ಸು.”

ಒಳಗಿನ ಕೋಣೆಯ ಕಾಗದದ ಕಿಟಕಿಯ ಹಿಂದೆ ಆಗೆಲ್ಲ ಒಂದು ನೆರಳು ಬಂದು ನಿಲ್ಲುತ್ತಿತ್ತು. ಅಕ್ಕ ಕೂಗಿದ್ದನ್ನು ಮುದುಕ ಕಣ್ಣು ಮುಚ್ಚಿ ಕೇಳುತ್ತಿದ್ದ. ಹಸಿದವನು ಪಕ್ಕದ ಮನೆಯ ಒಗ್ಗರಣೆಯ ಘಮ ಕುಡಿಯುವ ಹಾಗೆ.

ಒಂದು ಕಾಲದಲ್ಲಿ ಆ ಮನೆಯ ಅಂಗಳದಲ್ಲಿ ಪ್ರಾಂತ್ಯಗಳ ಅಧಿಪತಿಗಳು ಹಿಮದಲ್ಲಿ ನಿಂತು ಕಾಯುತ್ತಿದ್ದರು. ಗೆಂಗ್ ದೊಡ್ಡಯ್ಯ ಸಾಮ್ರಾಜ್ಞಿಯ ಕಿವಿಯಾಗಿದ್ದ. ಚಹಾದ ಬಟ್ಟಲನ್ನು ಬಲಗೈಯಿಂದ ಕೆಳಗಿಟ್ಟರೆ ಒಬ್ಬನಿಗೆ ಪದವಿ, ಎಡಗೈಯಿಂದ ಇಟ್ಟರೆ ಒಬ್ಬನಿಗೆ ಸೆರೆ ಎಂದು ಆ ಓಣಿಯ ಹಳಬರು ಹೇಳುತ್ತಿದ್ದರು. ಅವನ ಪಲ್ಲಕ್ಕಿ ಬಂದರೆ ರಾಜಮನೆತನದವರೂ ದಾರಿ ಬಿಡುತ್ತಿದ್ದರು. ಈಗ ಸಾಮ್ರಾಜ್ಞಿ ಇಲ್ಲ, ಅವಳ ಮಗನೂ ಇಲ್ಲ. ಅಂಗಳದ ಮೇಲೆ ಅಂಗಳ ಖಾಲಿ. ಬೋರೆ ಮರದ ಹಣ್ಣು ಉದುರಿ ಕಲ್ಲಿನ ಮೇಲೇ ಕೊಳೆಯುತ್ತಿತ್ತು. ಕೋಣೆಗಳಲ್ಲಿ ಕರ್ಪೂರ, ಸುಣ್ಣ, ಹಳೆಯ ಮೂತ್ರದ ವಾಸನೆ. ಬೆಳಗಾದರೆ ಶುನ್ ನವಣೆ ಗಂಜಿ ಕುಡಿಸುವನು. ಸಂಜೆಯಾದರೆ ಕಾಲು ಒತ್ತುವನು. ಮುದುಕನಿಗೆ ಎಷ್ಟು ವಯಸ್ಸು ಎಂದು ಯಾರಿಗೂ ಗೊತ್ತಿರಲಿಲ್ಲ. ವೈದ್ಯರು ಬರುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅವನಿಗೆ ಕಾಯಿಲೆಗಳೆಲ್ಲ ಬರುತ್ತಿದ್ದವು, ಸಾವು ಬರುತ್ತಿರಲಿಲ್ಲ.

ಅಡುಗೆಯ ಚಿನ್ ಅಜ್ಜಿ ಒಬ್ಬಳು ಆ ಮನೆಯಲ್ಲಿ ಹಳಬಳು. ಒಂದು ದಿನ ಹಿಟ್ಟು ನಾದುತ್ತಾ ಅವಳೇ ಮಾತು ತೆಗೆದಳು.

“ಆ ಗಂಟು ದೊಡ್ಡಯ್ಯಂದಲ್ಲ ಮಗಾ.”

“ಮತ್ತೆ ಯಾರದು?”

“ಪೆಯ್ ಅಂತ ಒಬ್ಬ ಇದ್ದ. ಅರಮನೆ ಅಡುಗೆಮನೇಲಿ ಸೊಪ್ಪು ತೊಳೆಯೋನು. ಇವರೂ ಅವನೂ ಅಡಿಯಲ್ಲಿ ಬೆಂಕಿ ಹಾಕಿ ಬಿಸಿ ಮಾಡೋ ಒಂದೇ ಕಟ್ಟೆ ಮೇಲೆ, ಒಂದೇ ಹೊದಿಕೆ ಒಳಗೆ ಮಲಗ್ತಿದ್ರಂತೆ. ಇವರದನ್ನ ಇಲಿ ತಿಂದುಹಾಕಿತ್ತು. ಮೆಟ್ಟಿಲು ಹತ್ತಬೇಕಲ್ಲ, ಪೆಯ್ ಹತ್ರ ಕೇಳಿದ್ರು. ಒಂದು ದಿನದ ಮಟ್ಟಿಗೆ ಅಂತ ಅವನು ಕೊಟ್ಟ. ಸ್ನೇಹಿತ ಅಲ್ವಾ.”

“ಇವರು ವಾಪಸ್ ಕೊಡ್ಲಿಲ್ಲ.”

“ಇನ್ನೊಂದೇ ಸಲ, ಇನ್ನೊಂದೇ ಸಲ ಅಂತ ಹೇಳ್ತಾ ಹೋದ್ರು. ಒಂದೊಂದು ಮೆಟ್ಟಿಲಿಗೂ ಅದು ಬೇಕಲ್ಲ. ಪೆಯ್‌ಗೆ ಕೆಮ್ಮು ಹತ್ತಿ ರಕ್ತ ಬಂತು. ಸಾಯೋ ಮೊದಲು ನನ್ನದು ನನಗೆ ಕೊಟ್ಬಿಡು ಅಂತ ಈ ಬಾಗಿಲಿಗೆ ಬಂದ. ಕಾವಲಿನೋರು ಬಿಡ್ಲಿಲ್ಲ. ಹಿಮ ಬೀಳ್ತಿತ್ತು. ಕೂತೇ ಇದ್ದ. ಪಲ್ಲಕ್ಕಿ ಬಂದಾಗ ಪರದೆ ಹಿಡ್ಕೊಂಡು ಹೇಳಿದ್ದನ್ನ ನಾನು ಈ ಕಿವೀಲಿ ಕೇಳ್ದೆ.”

ಅವಳು ನಾದುವುದನ್ನು ನಿಲ್ಲಿಸಿದಳು.

“‘ಇಟ್ಕೊ. ಎಷ್ಟು ಬೇಕೋ ಅಷ್ಟು ಏರು. ನಿಮ್ಮವ್ವ ಇಟ್ಟ ಹೆಸರು ಹಿಡಿದು ಕರೆಯೋ ಬಾಯಿ ಒಂದೂ ಉಳೀದಿರ್ಲಿ. ಕರೆಯೋರಿಲ್ದೆ ಸಾವೂ ನಿನ್ನ ಕರೀದಿರ್ಲಿ.’ ಅಂದ. ಅಲ್ಲೇ ಸತ್ತ. ಪಡುವಣ ಬಾಗಿಲಾಚೆ ಬಡವರ ಮಸಣದಲ್ಲಿ ಅರೆಮೈಯಲ್ಲೇ ಹೂತ್ರು. ಅವತ್ತಿಂದ ನೋಡು. ದೊಡ್ಡಯ್ಯನ ಅವ್ವ ಊರಿಂದ ಬಂದೋಳು ಮಗನ ಮುಖ ನೋಡಿ, ಯಾರು ನೀವು ಅಂದ್ಲು. ಅವರಿಗೆ ಮನೇಲಿಟ್ಟ ಹೆಸರು ಒಂದು ಇತ್ತಪ್ಪ. ನಾನೇ ಕೇಳಿದ್ದೆ. ನಾಲಿಗೆ ತುದಿವರೆಗೂ ಬರುತ್ತೆ, ಆಚೆಗೆ ಬರಲ್ಲ.”

ಶುನ್ ಹಿಟ್ಟಿನ ಉಂಡೆಯೊಂದನ್ನು ಚಿವುಟಿ ಬಾಯಿಗೆ ಹಾಕಿಕೊಂಡ.

“ಅಜ್ಜಿ, ಆ ಶಾಪ ತಗೊಂಡ ಮೇಲೇ ಅಲ್ವಾ ಅವರು ಸಾಮ್ರಾಜ್ಞಿ ಕಿವಿ ಆಗಿದ್ದು? ಅಂಥ ಶಾಪ ನನಗೂ ಒಂದು ಕೊಡಿಸು ಮತ್ತೆ.”

“ನಗಬೇಡ ಕಣೋ.”

“ಸತ್ತೋನಿಗೆ ಬಾಯಿಲ್ಲ. ಬದುಕಿರೋರಿಗೆ ಭಯ. ಅಷ್ಟೇ ಕತೆ.”

ಆ ವಸಂತದಲ್ಲಿ ಅರಮನೆಯಿಂದ ಸುದ್ದಿ ಬಂತು. ರೇಷ್ಮೆ ಉಗ್ರಾಣಕ್ಕೆ ಮೇಲಾಳು ಬೇಕು, ಶುನ್‌ನ ಹೆಸರೂ ಇದೆ. ಆ ಜಾಗ ಸಿಕ್ಕರೆ ಅರಮನೆಯ ಹಿಂಬದಿಯ ಓಣಿಯಲ್ಲಿ ಒಂದು ಚಿಕ್ಕ ಮನೆ ಸಿಗುತ್ತಿತ್ತು. ಅಕ್ಕನನ್ನು ಅಲ್ಲಿಗೆ ಕರೆತರಬೇಕೆಂದು ಅವನು ಎಷ್ಟೋ ಕಾಲದಿಂದ ಆಸೆಪಟ್ಟಿದ್ದ. ದಿನವೂ ಸಂಜೆ ಅವಳ ಕೈಯ ಗಂಜಿ, ದಿನವೂ ಅವಳ ಬೈಗುಳ. ಆದರೆ ಏರಬೇಕಾದರೆ ನಿಧಿ ತೋರಿಸಬೇಕು. ಕತ್ತಿಯವರ ಮನೆಗೆ ಹೋದ. ಅಲ್ಲಿ ದಿಕ್ಕಿಲ್ಲದವರ ನಿಧಿಗಳನ್ನು ಬಾಡಿಗೆಗೆ ಕೊಡುವ ರೂಢಿ ಇತ್ತು. ಕತ್ತಿಯವನ ಹೆಂಡತಿ ಕೈಯಾಡಿಸಿದಳು.

“ಈ ಸಲ ಏರೋರು ಬಹಳ ಜನ ಕಣಪ್ಪ. ಎಲ್ಲಾ ಮುಗಿದ್ಹೋಗಿದೆ. ಮುಂದಿನ ವರ್ಷ ಬಾ.”

ಮುಂದಿನ ವರ್ಷಕ್ಕೆ ಉಗ್ರಾಣ ಇನ್ಯಾರದೋ ಆಗಿರುತ್ತದೆ. ಶುನ್ ಮನೆಗೆ ಬಂದ. ತಲೆಯೆತ್ತಿ ತೊಲೆ ನೋಡಿದ. ಮುದುಕ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಅಂದು ಅವನ ಉಸಿರು ಎಂದಿನಂತೆ ಗೊರಗುಟ್ಟುತ್ತಿರಲಿಲ್ಲ, ಕಿವಿಗೊಟ್ಟವರ ಉಸಿರಿನ ಹಾಗೆ ತೆಳ್ಳಗಿತ್ತು.

ಮಾರನೆಯ ದಿನ ಹಳದಿ ಗಾಳಿ ಬಂತು. ಮರುಭೂಮಿಯ ಧೂಳೆಲ್ಲ ಎದ್ದು ಬಂದು ಮಧ್ಯಾಹ್ನವನ್ನು ನುಂಗಿತು. ಸೂರ್ಯ ತಾಮ್ರದ ಕಾಸಿನ ಹಾಗಾದ, ಆಮೇಲೆ ಅದೂ ಇಲ್ಲ. ಕಿಟಕಿಯ ಕಾಗದ ಪಟಪಟ ಬಡಿಯುತ್ತಿತ್ತು. ಹಲ್ಲಿನ ಸಂದಿಯಲ್ಲಿ ಮಣ್ಣು. ಕಣ್ಣಿನಲ್ಲಿ ಮಣ್ಣು. ದೀಪ ಹಚ್ಚಿದರೂ ಬೆಳಕು ಬತ್ತಿಯನ್ನು ಬಿಟ್ಟು ಆಚೆಗೆ ಬರುತ್ತಿರಲಿಲ್ಲ. ಶುನ್ ಏಣಿ ತಂದ.

ಏಣಿ ಕಿರುಗುಟ್ಟಿತು. ನಿಂತ. ಮುದುಕ ಅಲುಗಲಿಲ್ಲ.

ಇನ್ನೊಂದು ಮೆಟ್ಟಿಲು. ಮೇಲೆ ಹೋದ ಹಾಗೆ ವಾಸನೆ ಬದಲಾಯಿತು. ಸುಣ್ಣದ ಘಾಟು, ಕಮಟು ಎಣ್ಣೆ. ಅದರಡಿಯಲ್ಲಿ ಇನ್ನೇನೋ. ಹಸಿ ಸೊಪ್ಪಿನ ವಾಸನೆ. ಈಗ ತಾನೆ ತೊಳೆದಿಟ್ಟ ಸೊಪ್ಪು. ಹೊರಗೆ ಧೂಳು, ಒಳಗೆ ಸುಣ್ಣ. ಇಲ್ಲಿ ಸೊಪ್ಪು ಎಲ್ಲಿಂದ? ಕೈ ಚಾಚಿದ. ಸೇರು ತಾನಾಗಿ ಅವನ ಕಡೆ ತೂಗಿತು. ಬಟ್ಟೆ ಮುಟ್ಟಿದ. ಅದು ಬೆಚ್ಚಗಿತ್ತು. ಮಲಗಿ ಎದ್ದವರ ಹೊದಿಕೆಯ ಹಾಗೆ. ಕೈ ಹಿಂದಕ್ಕೆಳೆಯಬೇಕು ಅನ್ನಿಸಿತು. ಎಳೆಯಲಿಲ್ಲ. ಗಂಟನ್ನು ಎತ್ತಿದ. ಅಂಗೈಯಗಲದ ಭರಣಿ. ತೂಕ ಮಾತ್ರ ಮನುಷ್ಯನಷ್ಟು. ಏಣಿ ಬಾಗಿತು. ಗಾಳಿ ನಿಂತಿತು. ಕಾಗದದ ಸದ್ದು ನಿಂತಿತು. ಆ ನಿಶ್ಶಬ್ದದಲ್ಲಿ ಹೆಬ್ಬಾಗಿಲ ಕಡೆಯಿಂದ ಒಂದು ಹೆಣ್ಣುದನಿ ಕೇಳಿತು. ವಯಸ್ಸಾದ ದನಿ. ಹಳ್ಳಿಯ ದನಿ.

“ಗೌಶೆಂಗ್! ಲೇ ಗೌಶೆಂಗ್! ಬಾರೋ ಮಗಾ, ಗಂಜಿ ಆರಿಹೋಗುತ್ತೆ!”

ಹಾಸಿಗೆಯ ಮೇಲೆ ಮುದುಕ ಎದ್ದು ಕೂತ. ಎಷ್ಟೋ ವರ್ಷಗಳಿಂದ ತಾನಾಗಿ ಏಳದವನು. ಹಲ್ಲಿಲ್ಲದ ಬಾಯಿ ಅಗಲವಾಗಿ ತೆರೆದಿತ್ತು. ಕೆನ್ನೆಯ ಮೇಲಿನ ಧೂಳಿನಲ್ಲಿ ಕಣ್ಣೀರು ದಾರಿ ಮಾಡಿಕೊಂಡು ಇಳಿಯಿತು.

“ಬಂದೆ ಅವ್ವಾ,” ಅಂದ. “ಬಂದೆ.”

ಅಷ್ಟೇ. ಕೂತ ಹಾಗೇ ತಲೆ ಎದೆಗೆ ಬಿತ್ತು. ಗಾಳಿ ಮತ್ತೆ ಶುರುವಾಯಿತು.

ಅಡುಗೆಮನೆಯಿಂದ ಚಿನ್ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. “ಗೌಶೆಂಗ್! ಅದೇ ಕಣೋ ಆ ಹೆಸರು! ಒಲೆ ಮುಂದೆ ಕೂತಿದ್ದೆ, ಈಗ ಇದ್ದಕ್ಕಿದ್ದ ಹಾಗೆ ಬಂತು ಬಾಯಿಗೆ,” ಎನ್ನುತ್ತಲೇ ಬಾಗಿಲಲ್ಲಿ ನಿಂತುಬಿಟ್ಟಳು. ಹೆಣ ನೋಡಿದಳು. ಏಣಿ ನೋಡಿದಳು. ಶುನ್‌ನ ಮಡಿಲಿನ ಕೆಂಪನ್ನು ನೋಡಿದಳು.

“ಮುಟ್ಟಿಬಿಟ್ಯಾ.”

“ಮುದುಕರು, ಹೋದ್ರು. ಅದಕ್ಕೂ ಇದಕ್ಕೂ ಏನು ಸಂಬಂಧ?”

“ಈಗ್ಲೇ ಒಯ್ದು ಪೆಯ್ ಗೋರೀಲಿಡು. ಜಾಗ ನಾನು ತೋರಿಸ್ತೀನಿ. ಇನ್ನೂ ಹೊತ್ತು ಮೀರಿಲ್ಲ.”

“ಪರೀಕ್ಷೆ ಮುಗೀಲಿ ಅಜ್ಜಿ. ಒಂದೇ ಸಲ.”

ಅವಳು ಅಂಗಿಯ ತೋಳಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ದೊಡ್ಡಯ್ಯನ ಪೆಟ್ಟಿಗೆಯಲ್ಲಿ ಹಿಟ್ಟಿನಿಂದ ಮಾಡಿದ ನಿಧಿಯೊಂದನ್ನು ಇಟ್ಟು ಮಣ್ಣು ಮಾಡಿದರು. ಶುನ್ ಪರೀಕ್ಷೆಗೆ ಹೋದ. ಮೇಲಧಿಕಾರಿ ಬಟ್ಟೆ ಬಿಚ್ಚಿ, ಮೂಸಿ, ತಲೆಯಾಡಿಸಿ ಕಟ್ಟಿಟ್ಟ. ಶುನ್ ರೇಷ್ಮೆ ಉಗ್ರಾಣದ ಮೇಲಾಳಾದ. ಅಷ್ಟಕ್ಕೇ ನಿಲ್ಲಲಿಲ್ಲ. ತಿಂಗಳು ತುಂಬುವ ಮೊದಲೇ ಪಟ್ಟದ ರಾಣಿಯ ಅರಮನೆಗೆ ಕರೆ ಬಂತು. ಅದಕ್ಕೂ ಪರೀಕ್ಷೆ. ಇನ್ನೊಂದೇ ಸಲ ಎಂದುಕೊಂಡ. ಗೆಂಗ್ ದೊಡ್ಡಯ್ಯನ ಖಾಲಿ ಮನೆಯೂ ಅವನಿಗೇ ಬಂತು. ಗಂಟು ಅದೇ ತೊಲೆಯಲ್ಲಿ ತೂಗಿತು. ಕನ್ನಡಿಯಲ್ಲಿ ಹೊಸ ಅಂಗಿ ನೋಡಿಕೊಂಡು ಶುನ್ ನಕ್ಕ. ಶಾಪವಂತೆ ಶಾಪ.

ಆ ತಿಂಗಳ ಸಂತೆಗೆ ಯಾನ್‌ಜಿ ಬರಲಿಲ್ಲ.

ಹುಷಾರಿಲ್ಲವೇನೋ ಎಂದು ಅವನೇ ಹೊರಟ. ಸೇತುವೆ ದಾಟುವಾಗ ಮನಸ್ಸು ಹಗುರಾಗಿತ್ತು. ಕರೆದುಕೊಂಡೇ ಬರಬೇಕೆಂದು ಗಾಡಿಯಲ್ಲಿ ಹೊಸ ಹಾಸಿಗೆ ಹಾಸಿದ್ದ. ಬಿಸಿಲಿತ್ತು. ಅಕ್ಕ ಹೊಸ್ತಿಲ ಮೇಲೆ ಕೂತು ಜೋಡಿನ ಅಟ್ಟೆ ಹೊಲಿಯುತ್ತಿದ್ದಳು. ಗಾಡಿಯ ಸದ್ದಿಗೆ ತಲೆಯೆತ್ತಿದಳು. ಎದ್ದು ನಿಂತಳು. ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಳು.

“ಯಾರು ಬೇಕಿತ್ತು, ಒಡೆಯರೇ?”

“ಅಕ್ಕಾ, ಆಟ ಆಡ್ಬೇಡ. ಗಾಡಿ ಹತ್ತು.”

ಅವಳು ಹಿಂದಕ್ಕೆ ಸರಿದಳು. “ತಪ್ಪು ಮನೆಗೆ ಬಂದ್ರಿ ಅನ್ಸುತ್ತೆ. ನನಗೆ ತಮ್ಮ ಇಲ್ಲ ಸ್ವಾಮಿ. ಹೊಳೆ ಬಂದ ವರ್ಷ ನಮ್ಮ ಮನೇಲಿ ನಾನೊಬ್ಳೇ ಉಳಿದಿದ್ದು.”

“ಅಕ್ಕಾ...”

“ಪಾಪ, ಯಾರನ್ನ ಕಳ್ಕೊಂಡಿದೀರೋ.”

ಅವಳ ಕಣ್ಣಿನಲ್ಲಿ ನಾಟಕ ಇರಲಿಲ್ಲ, ಕರುಣೆ ಇತ್ತು, ದಾರಿಹೋಕನ ಮೇಲೆ ಬರುವಂಥ ಕರುಣೆ. ಶುನ್ ಅವಳ ಕೈಯಲ್ಲಿದ್ದುದನ್ನು ತೋರಿಸಿದ.

“ಆ ಜೋಡು ಯಾರಿಗೆ?”

ಅವಳು ಜೋಡನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಅದೇ ನೋಡಿ, ನನಗೂ ಗೊತ್ತಾಗ್ತಿಲ್ಲ. ಕೈ ತಾನಾಗೇ ಹೊಲೀತಿದೆ. ಇಷ್ಟು ಚಿಕ್ಕ ಕಾಲು ಈ ಊರಲ್ಲಿ ಯಾವ ಗಂಡಸಿಗೂ ಇಲ್ಲ.”

ಅವನು ಅಲ್ಲೇ ಕೂತು ಅರಮನೆಯ ಪಾದರಕ್ಷೆ ಕಳಚಿ ಅದರಲ್ಲಿ ಕಾಲಿಟ್ಟ. ಸರಿಯಾಗಿ ಕೂತಿತು.

“ಅಯ್ಯೋ, ನಿಮ್ಮ ಅಳತೆ ತಗೊಂಡೇ ಹೊಲಿದ ಹಾಗಿದೆಯಲ್ಲ! ಇಟ್ಕೊಳಿ ಹಾಗಾದ್ರೆ.”

ನಾನು ಶಿತೌ ಎನ್ನಬೇಕೆಂದು ಅವನು ಬಾಯಿ ತೆರೆದ. ನಾಲಿಗೆಯ ಮೇಲೆ ಸುಣ್ಣ ಸುಟ್ಟ ಹಾಗಾಯಿತು. ತುಟಿ ಅಲುಗಿತು. ಸದ್ದು ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ. ಹಲ್ಲಿನ ಹಿಂದೆ ಹೆಸರು ಇತ್ತು. ಅಲ್ಲೇ ಇತ್ತು. ಆಚೆಗೆ ಬರಲಿಲ್ಲ. ಅರಮನೆಯ ದೊಡ್ಡ ಅಧಿಕಾರಿ ತನ್ನ ಹೊಸ್ತಿಲಲ್ಲಿ ಕೂತು ಮೀನಿನ ಹಾಗೆ ಬಾಯಿ ಬಿಡುತ್ತಿರುವುದನ್ನು ಕಂಡು ಯಾನ್‌ಜಿ ಹೆದರಿ ಬಾಗಿಲು ಹಾಕಿಕೊಂಡಳು.

ಗಾಡಿ ಓಡಿಸಿಕೊಂಡು ಬಂದ. ಏಣಿ. ಗಂಟು. ಚಿನ್ ಅಜ್ಜಿಯ ಕೈ ಹಿಡಿದು ಪಡುವಣ ಬಾಗಿಲಾಚೆಗೆ ಎಳೆದುಕೊಂಡು ಹೋದ. ಬಡವರ ಮಸಣದ ಮೇಲೆ ಹೊಸ ರಸ್ತೆ ಹಾಯ್ದಿತ್ತು. ಗುರುತಿನ ಕಲ್ಲಿಲ್ಲ, ದಿಬ್ಬವಿಲ್ಲ. ಕಲ್ಲಿದ್ದಲು ಹೊತ್ತ ಹೇಸರಗತ್ತೆಗಳು ಸಾಲಾಗಿ ಹೋಗುತ್ತಿದ್ದವು. ಅದರಲ್ಲೊಂದು ನಿಂತು ಅವನನ್ನೇ ನೋಡಿತು. ಜೊತೆಗಿದ್ದ ಆಳು ಹೊಡೆದ ಮೇಲೆ ಹೋಯಿತು. ಅಜ್ಜಿ ಅಂದಾಜಿನ ಮೇಲೆ ತೋರಿಸಿದ ಕಡೆ ಉಗುರಿನಲ್ಲೇ ಮಣ್ಣು ಬಗೆದು ಹೂತ.

ಮನೆಗೆ ಬಂದು ತಲೆಯೆತ್ತಿದ. ಗಂಟು ತೊಲೆಯಲ್ಲಿತ್ತು. ಬಟ್ಟೆಯಿಂದ ಹಸಿಮಣ್ಣು ಉದುರುತ್ತಿತ್ತು.

ಕಂದಕದ ನೀರಿಗೆ ಎಸೆದ. ಬಂದಾಗ ಸೇರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇನ್ನೊಬ್ಬ ಕಂಚುಕಿಯ ಮಡಿಲಿಗೆ ಹಾಕಿ ಇಟ್ಕೋ ಎಂದ. ಸಂಜೆಯೊಳಗೆ ಅದೂ ತಿರುಗಿ ಬಂತು. ಅವನು ನೆಲದ ಮೇಲೆ ಕುಸಿದ. ಚಿನ್ ಅಜ್ಜಿ ಬಾಗಿಲಿಗೆ ಒರಗಿ ನಿಂತಿದ್ದಳು.

“ಕೊಟ್ರೆ ಹೋಗಲ್ಲ ಮಗಾ. ಬಿಸಾಡಿದ್ರೂ ಹೋಗಲ್ಲ. ಮೊದಲ ದಿನವಾದ್ರೆ ಪೆಯ್‌ಗೆ ಮುಟ್ಟುತ್ತಿತ್ತೋ ಏನೋ. ನೀನು ಇನ್ನೊಂದು ಮೆಟ್ಟಿಲು ಹತ್ತಿಬಿಟ್ಟೆ. ಈಗ ಅದು ಕದ್ದ ಮಾಲು, ಕದ್ದೇ ಹೋಗ್ಬೇಕು. ದೊಡ್ಡಯ್ಯನೂ ಎಷ್ಟು ಜನಕ್ಕೆ ಕೊಡಕ್ಕೆ ನೋಡಿದ್ರು.”

“ಆದ್ರೆ ನನಗೆ ಮುಟ್ಬೇಡ ಅಂದ್ರಲ್ಲ! ಬೆರಳು ತೋರಿಸಿ, ಅದೊಂದನ್ನ ಮುಟ್ಬೇಡ ಅಂತ...”

ಅಲ್ಲಿಗೆ ಅವನ ಮಾತು ನಿಂತಿತು. ಮೊದಲ ದಿನ ಮುದುಕ ನೋಡಿದ ಆ ಪ್ರೀತಿಯ ನೋಟ ಈಗ ಶುನ್‌ಗೆ ಅರ್ಥವಾಯಿತು.

“ಆಮೇಲೆ ನಾನೂ ಹೇಳ್ದೆ,” ಅಂದಳು ಅಜ್ಜಿ. “ನಾನು ನಿಜವಾಗ್ಲೂ ಹೇಳಿದ್ದು ಕಣೋ. ನೀನು ನಕ್ಕೆ.”

ಆ ಮೇಲೆ ಬಿಯಾನ್ ಶುನ್ ಏರಿದ್ದೇ ಏರಿದ್ದು. ಬೇಡವೆಂದರೂ ಏರಿದ. ತಪ್ಪು ಮಾಡಿದರೆ ಹೊಗಳಿಕೆ ಬರುತ್ತಿತ್ತು. ಕಾಯಿಲೆ ಎಂದು ಮಲಗಿದರೆ ಹೊಸ ಪದವಿ ಹಾಸಿಗೆಗೇ ಬರುತ್ತಿತ್ತು. ಪ್ರಾಂತ್ಯಗಳ ಅಧಿಪತಿಗಳು ಮತ್ತೆ ಆ ಅಂಗಳದ ಹಿಮದಲ್ಲಿ ನಿಂತರು. ಅವನು ಕೆಮ್ಮಿದರೆ ಮಂತ್ರಿಗಳ ಮುಖ ಬೆಳ್ಳಗಾಗುತ್ತಿತ್ತು. ಎಲ್ಲರೂ ದೊಡ್ಡಯ್ಯ ಎನ್ನುವವರೇ. ಒಮ್ಮೆ ಒಬ್ಬ ಸೇವಕನನ್ನು ಮುಂದೆ ಕೂರಿಸಿಕೊಂಡು, ಬೀದಿಯ ಕಲ್ಲೊಂದನ್ನು ಅವನ ಕೈಯಲ್ಲಿಟ್ಟು, ಇದನ್ನು ಏನಂತಾರೋ ಹಾಗೆ ನನ್ನ ಕರಿ ಎಂದ. ಸೇವಕ ಕಲ್ಲು ನೋಡಿ ಬಾಯಿ ತೆರೆದ. ಬೆವರಿದ. “ದೊಡ್ಡಯ್ಯ” ಎಂದ. ಕಲ್ಲು ಕೆಳಗೆ ಬಿತ್ತು.

ಸೇತುವೆಯಾಚೆ ಯಾನ್‌ಜಿ ಸುಖವಾಗಿಯೇ ಇದ್ದಳು. ಯಾರೋ ಪುಣ್ಯಾತ್ಮರು ಚಳಿಗಾಲಕ್ಕೆ ಇದ್ದಿಲು, ಹಬ್ಬಕ್ಕೆ ಬಟ್ಟೆ ಕಳಿಸುತ್ತಾರೆ ಎಂದು ನೆರೆಯವರ ಹತ್ತಿರ ಹೇಳುತ್ತಿದ್ದಳು. ಅವಳು ತೀರಿಕೊಂಡಾಗ ಹೆಣದ ಹಿಂದೆ ಬಹಳ ದೂರದಲ್ಲಿ ಒಬ್ಬ ದೊಡ್ಡ ಮನುಷ್ಯ ಸಣ್ಣ ಬಟ್ಟೆಯ ಜೋಡು ಹಾಕಿಕೊಂಡು ನಡೆದು ಬಂದದ್ದನ್ನು ಊರವರು ನೋಡಿದರು. ಯಾರೆಂದು ಕೇಳಿದರು. ಅವನು ಬಗ್ಗಿ ಜೋಡಿನ ಧೂಳು ಒರೆಸಿದ.

ಚಿನ್ ಅಜ್ಜಿ ಹೋದಳು. ಒಬ್ಬ ಚಕ್ರವರ್ತಿ ಹೋದ, ಇನ್ನೊಬ್ಬ ಬಂದ, ಅವನೂ ಹೋದ. ಶುನ್‌ನ ಪ್ರಭಾವ ಮುಗಿಯಿತು, ಉಸಿರು ಮುಗಿಯಲಿಲ್ಲ. ಅಂಗಳದಲ್ಲಿ ಬೋರೆ ಹಣ್ಣು ಮತ್ತೆ ಉದುರಿ ಕೊಳೆಯತೊಡಗಿತು. ಗಂಟಿನ ಕೋಣೆಗೆ ಅವನು ಬೀಗ ಹಾಕಿದ್ದ. ಸೇವೆಗೆ ಬಂದವರಿಗೆ ಆ ಬಾಗಿಲನ್ನೇ ತೋರಿಸುತ್ತಿರಲಿಲ್ಲ. ಗೆಂಗ್ ಮಾಡಿದ್ದನ್ನು ತಾನು ಮಾಡಬಾರದು ಎಂದು ಹಲ್ಲು ಕಚ್ಚಿ ಕೂತಿದ್ದ. ಹಲ್ಲುಗಳು ಒಂದೊಂದಾಗಿ ಬಿದ್ದುಹೋದವು. ರಾತ್ರಿ ಹಗಲೆನ್ನದೆ ಅವನು ಅಕ್ಕನ ದನಿ ನೆನೆಯಲು ನೋಡುತ್ತಿದ್ದ. ಮೊದಮೊದಲು ಬರುತ್ತಿತ್ತು. ಆಮೇಲೆ ಮಾತು ನೆನಪಿಗೆ ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಆ ದನಿ ಅಳಿಸಿಹೋದ ದಿನ ಅವನು ಬೀಗ ತೆಗೆದ. ಹಾಸಿಗೆಯನ್ನು ಆ ಕೋಣೆಗೇ ಹಾಕಿಸಿಕೊಂಡ.

ಅದಾಗಿ ಹೆಚ್ಚು ದಿನವಾಗಿರಲಿಲ್ಲ, ತಾವ್ ಎಂಬ ಹೊಸಬ ಸೇವೆಗೆ ಬಂದ. ಅಗಲ ಭುಜ, ಸದಾ ಶಿಳ್ಳೆ, ಎದುರು ಮಾತು. ಅವನ ನಿಧಿಯನ್ನು ಅವನ ಅಪ್ಪ ಕುಡಿತಕ್ಕೆ ಮಾರಿಕೊಂಡಿದ್ದನಂತೆ. ಅದನ್ನೂ ನಗುತ್ತಲೇ ಹೇಳಿದ.

“ಮೇಲೆ ಹೋಗ್ಬೇಕು ಅಂತ ಆಸೆ ಇದೆಯೇನಪ್ಪ?”

“ಇಲ್ದೆ ಏನು ದೊಡ್ಡಯ್ಯ? ಇಡೀ ಜೀವಮಾನ ನಿಮ್ಮ ಕಾಲು ಒತ್ಕೊಂಡು ಇರ್ಲಾ?”

ಶುನ್‌ಗೆ ನಗು ಬಂತು. ಬಹಳ ಕಾಲದ ಮೇಲೆ.

“ನಿನ್ನನ್ನ ಮನೇಲಿಟ್ಟ ಹೆಸರು ಹಿಡಿದು ಕರೆಯೋರು ಯಾರಾದ್ರೂ ಇದಾರಾ?”

“ಅವ್ವ ಇದಾಳೆ. ಹಬೆ ರೊಟ್ಟಿ ಮಾಡ್ಕೊಂಡು ಬರ್ತಾಳೆ ವಾರಕ್ಕೊಂದ್ಸಲ. ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಾಳೆ, ಮಾನ ಕಳೀತಾಳೆ.”

ಒಲೆಯ ಮೇಲೆ ನೀರು ಕುದಿಯಿತು. ಕುದಿದು ಬತ್ತಿತು. ಪಾತ್ರೆಯ ತಳ ಸುಟ್ಟ ವಾಸನೆ ಬಂತು. ತಾವ್ ಎದ್ದು ಅದನ್ನು ಇಳಿಸಿದ. ತಿರುಗಿ ನೋಡುವಾಗ ಮುದುಕನ ಬೆರಳು ಮೇಲೆದ್ದಿತ್ತು. ಉಗುರು ಹಳದಿಗಟ್ಟಿ ಸುರುಳಿ ಸುತ್ತಿಕೊಂಡಿತ್ತು.

“ಈ ಮನೇಲಿ ಏನು ಬೇಕಾದ್ರೂ ಮುಟ್ಟು,” ಎಂದ ಶುನ್. ದನಿ ಬಹಳ ಮೆತ್ತಗಿತ್ತು. “ಅದೊಂದನ್ನ ಮುಟ್ಬೇಡಪ್ಪ.”

ತಾವ್ ತಲೆಯೆತ್ತಿ ನೋಡಿ ಶಿಳ್ಳೆ ಹೊಡೆದ.

ಮುಂದಿನ ವಸಂತದಲ್ಲಿ ಹಳದಿ ಗಾಳಿ ಬಂದ ದಿನ ಶುನ್ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಮಧ್ಯಾಹ್ನ ಕಪ್ಪಾಗಿತ್ತು. ಕಾಗದ ಪಟಪಟ ಬಡಿಯುತ್ತಿತ್ತು. ಬೆನ್ನ ಹಿಂದೆ ಏಣಿ ನೆಲಕ್ಕೆ ತಾಗಿದ ಸದ್ದು. ಈಗ ತಿರುಗಿದರೆ ಸಾಕು. ಬೇಡ ಕಣೋ ಎಂದು ಒಂದು ಮಾತು ಹೇಳಿದರೆ ಸಾಕು. ಬಾಯಿ ತೆರೆದ. ಏಣಿ ಕಿರುಗುಟ್ಟಿತು. ಬಾಯಿ ಮುಚ್ಚಿದ. ಇನ್ನೊಂದು ಮೆಟ್ಟಿಲು. ಮೂಗಿಗೆ ಹಸಿ ಸೊಪ್ಪಿನ ವಾಸನೆ ಬಂತು. ಉಸಿರು ಬಿಗಿಹಿಡಿದ. ಇನ್ನೊಂದು. ಹಗ್ಗ ಮಿಸುಕಿತು. ಗಾಳಿ ನಿಂತಿತು.

“ಲೋ ಶಿತೌ! ಎಲ್ಲೋ ಸತ್ತೆ? ಜೋಡು ತಂದಿದೀನಿ, ಬಾರೋ!”

ಅದೇ ದನಿ. ಅದೇ ಗದರು, ಅದರೊಳಗಿನ ಅದೇ ನಗು. ಅವನು ಎದ್ದು ಕೂತ. ಏಣಿಯ ಮೇಲೆ ಮಡಿಲಲ್ಲಿ ಕೆಂಪು ಗಂಟು ಹಿಡಿದು ಕಲ್ಲಾಗಿ ನಿಂತಿದ್ದವನನ್ನು ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

“ಬಂದೆ ಅಕ್ಕಾ,” ಅಂದ.

ಅದೇ ಹೊತ್ತಿಗೆ ಹೆಬ್ಬಾಗಿಲ ಹೊರಗೆ, ಧೂಳಿನಲ್ಲಿ, ಒಬ್ಬ ಹೆಂಗಸು ರೊಟ್ಟಿಯ ಬುಟ್ಟಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ರೊಟ್ಟಿ ಇನ್ನೂ ಬಿಸಿಯಾಗಿತ್ತು. ಕೂಗಲು ಬಾಯಿ ತೆರೆದಿದ್ದಳು. ತೆರೆದ ಬಾಯಿ ಹಾಗೇ ಉಳಿಯಿತು. ಬಾಗಿಲನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು, ಓಣಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಯಾರಿಗೆ ಎಂದು ಇಷ್ಟು ದೂರ ಬಂದಳೋ ಅವಳಿಗೇ ತಿಳಿಯಲಿಲ್ಲ.